ಕಂಪ್ಯೂಟರ್ ಮುಂದೆ ಕೂತವರೆಲ್ಲ ಮಾಸ್ಕ್ ಹಾಕಿಕೊಂಡರೆ ಮಾತಾಡೋರು ಯಾರು?

ಕುರ್ಚಿಯಲ್ಲಿ ಕೂತವನು:
ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ 'ಆರೋ', 'ದಿ ಫ್ಲ್ಯಾಶ್', 'ಡೇರ್‌ಡೆವಿಲ್' ಅನ್ನೋ ಅಮೆರಿಕದ ಸೂಪರ್‌ಹೀರೋ ಸೀರಿಯಲ್‌ಗಳೆಲ್ಲದರ ಕಥೆಯೂ ಬಯಲಾಗುತ್ತದೆ. ಇನ್ನೂ ನೋಡದವರು ಇಲ್ಲಿಂದಲೇ ವಾಪಸ್ ಹೋಗಿ, ಆಮೇಲೆ ನನ್ನನ್ನು ಬೈಯಬೇಡಿ.

'ದಿ ಫ್ಲ್ಯಾಶ್' ಮತ್ತೆ ಮೊದಲಿಂದ ನೋಡುತ್ತಿದ್ದೇನೆ. 2014ರ ಅಕ್ಟೋಬರಿನಿಂದ 2023ರ ಮೇವರೆಗೆ ಒಂಬತ್ತು ಸೀಸನ್, 184 ಎಪಿಸೋಡ್. ಇದರ ಬಗ್ಗೆ ಮಾತು ಬಂದಾಗಲೆಲ್ಲ ಒಂದೇ ದೂರು ಕೇಳಿಬರುತ್ತದೆ: ಅದೇ ಫಾರ್ಮುಲಾ ತಿರುಗಿಸಿ ತಿರುಗಿಸಿ ಹಾಕಿದರು, ಅದಕ್ಕೇ ಬೋರಾಯಿತು. ನಾನು ಇದನ್ನು ಒಪ್ಪುವುದಿಲ್ಲ. ಫಾರ್ಮುಲಾ ಮೊದಲ ಸೀಸನ್ನಿನಲ್ಲೂ ಇತ್ತು. ವಾರಕ್ಕೊಬ್ಬ ವಿಲನ್ ಬರುತ್ತಾನೆ. ಮಿಂಚಿನ ವೇಗದಲ್ಲಿ ಓಡುವ ಹೀರೋ ಬ್ಯಾರಿ ಮೊದಲ ಸಲ ಸೋತು ಬರುತ್ತಾನೆ. ಅವನ ತಂಡ ಕೂರುವ ಸ್ಟಾರ್ ಲ್ಯಾಬ್ಸ್ ಅನ್ನೋ ಪ್ರಯೋಗಾಲಯದಲ್ಲಿ ಎಂಜಿನಿಯರ್ ಸಿಸ್ಕೋ ಆ ವಿಲನ್‌ಗೆ ಒಂದು ಅಡ್ಡಹೆಸರು ಇಡುತ್ತಾನೆ. ಡಾಕ್ಟರ್ ಕೇಟ್ಲಿನ್ ಗಾಯ ನೋಡುತ್ತಾಳೆ. ಯಾರಾದರೂ ಒಬ್ಬರು ಬ್ಯಾರಿಯನ್ನು ಪಕ್ಕಕ್ಕೆ ಕರೆದು ಎರಡು ಮಾತು ಧೈರ್ಯ ಹೇಳುತ್ತಾರೆ. ಎರಡನೇ ಸಲ ಇನ್ನೂ ಜೋರಾಗಿ ಓಡಿ ಗೆಲ್ಲುತ್ತಾನೆ. ಇಪ್ಪತ್ಮೂರು ಎಪಿಸೋಡಿನ ಆ ಸೀಸನ್ನಿನಲ್ಲಿ ಇದು ಎಷ್ಟು ಸಲ ಆಯಿತೋ. ಆದರೂ ಯಾರೂ ಆಗ ಬೋರ್ ಅನ್ನಲಿಲ್ಲ.

ನನ್ನ ಪ್ರಕಾರ ಸೀರಿಯಲ್ ಸೊರಗಿದ್ದು ಬೇರೆ ಕಾರಣಕ್ಕೆ. ಹೀರೋ ಸುತ್ತ ಇದ್ದ ಮಾಮೂಲಿ ಜನರಿಗೆ ಒಬ್ಬೊಬ್ಬರಾಗಿ ಶಕ್ತಿ ಬಂತು. ಸಿಸ್ಕೋ ವೈಬ್ ಆದ. ಕೇಟ್ಲಿನ್ ಕಿಲ್ಲರ್ ಫ್ರಾಸ್ಟ್ ಆದಳು. ವಾಲಿ ಕಿಡ್ ಫ್ಲ್ಯಾಶ್ ಆದ. ನಾಲ್ಕನೇ ಸೀಸನ್ನಿನಲ್ಲಿ ರಾಲ್ಫ್ ರಬ್ಬರಿನ ಹಾಗೆ ಹಿಗ್ಗಲು ಶುರು ಮಾಡಿದ. ಬ್ಯಾರಿ ಮದುವೆಯಾದ ಐರಿಸ್‌ಗೂ ಒಂದು ಎಪಿಸೋಡಿನ ಮಟ್ಟಿಗೆ ಬ್ಯಾರಿಯ ವೇಗ ಸಿಕ್ಕಿತು! 'ಆರೋ'ನಲ್ಲಿ ಇದಕ್ಕಿಂತ ಮೊದಲೇ ಇದೇ ಆಗಿತ್ತು. ರಾಯ್, ಥಿಯಾ, ಲಾರೆಲ್, ಡಿಗಲ್, ಕರ್ಟಿಸ್, ರೆನೆ, ಒಬ್ಬರ ಹಿಂದೊಬ್ಬರು ಮಾಸ್ಕ್ ಹಾಕಿಕೊಂಡರು. ಇಷ್ಟಾದ ಮೇಲೆ ನಮ್ಮ ಪರವಾಗಿ ಅಲ್ಲಿ ನಿಂತು "ಅಯ್ಯೋ, ಏನಿದು!" ಅನ್ನಲು ಯಾರು ಉಳಿದರು?

ನಿಮಗೇನನ್ನಿಸುತ್ತದೆ?

ಬ್ಯಾರಿ ಓಡು:
ಗುರು, ಸಿಸ್ಕೋ ಶಕ್ತಿ ಬಗ್ಗೆ ಹಾಗೆ ಹೇಳಬೇಡ. ಆ ಶಕ್ತಿ ಎಲ್ಲಿಂದ ಹುಟ್ಟಿತು ಅಂತ ನೆನಪಿಸಿಕೋ. ಮೊದಲ ಸೀಸನ್ನಿನ 15ನೇ ಎಪಿಸೋಡ್, 2015ರ ಮಾರ್ಚ್. ಸ್ಟಾರ್ ಲ್ಯಾಬ್ಸ್ ಮುಖ್ಯಸ್ಥ ವೆಲ್ಸ್ ನಿಜವಾಗಿ ಯಾರು (ವಿಲನ್ ರಿವರ್ಸ್ ಫ್ಲ್ಯಾಶ್) ಅಂತ ಸಿಸ್ಕೋ ಒಬ್ಬನೇ ಕಂಡುಹಿಡಿಯುತ್ತಾನೆ. ವೆಲ್ಸ್ ಅವನ ಮುಂದೆ ಸಮಾಧಾನವಾಗಿ ನಿಂತು, ನೀನು ನನಗೆ ಮಗನ ಹಾಗೆ ಅನ್ನೋ ಅರ್ಥದ ಮಾತಾಡಿ, ನಡುಗುವ ಕೈಯನ್ನು ಎದೆಗೇ ತೂರಿಸಿ ಕೊಲ್ಲುತ್ತಾನೆ. ಸಿಸ್ಕೋ ಪಾತ್ರದ ಕಾರ್ಲೋಸ್ ವಾಲ್ಡೆಸ್ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಆ ದೃಶ್ಯದ ಎದುರು ಇಡೀ ಸೀರಿಯಲ್ಲಿನ ಎಷ್ಟೋ ಫೈಟ್‌ಗಳು ಏನೂ ಅಲ್ಲ.

ಅದೇ ಎಪಿಸೋಡಿನ ಕೊನೆಗೆ ಬ್ಯಾರಿ ಓಡಿ ಓಡಿ ಒಂದು ದಿನ ಹಿಂದಕ್ಕೆ ಹೋಗುತ್ತಾನೆ. ಎಲ್ಲ ಅಳಿಸಿಹೋಗುತ್ತದೆ, ಸಿಸ್ಕೋ ಬದುಕಿರುತ್ತಾನೆ. ಇದು ಮೋಸದ ಫಾರ್ಮುಲಾ ಅಂತ ನನಗೂ ಆಗ ಅನ್ನಿಸಿತ್ತು. ಆದರೆ ಕೆಲವು ವಾರ ಆದ ಮೇಲೆ ಸಿಸ್ಕೋಗೆ ಕನಸು ಬೀಳಲು ಶುರುವಾಗುತ್ತದೆ. ಆಗದೇ ಇದ್ದ ಆ ಸಾವು ಅವನಿಗೆ ನೆನಪಿದೆ. ಅವನ ಶಕ್ತಿ ಮೊದಲು ಕಾಣಿಸಿದ್ದೇ ಅಲ್ಲಿ. ಹೀರೋ ಎಲ್ಲ ಅಳಿಸಿಹಾಕಿದರೂ ಸಹಪಾತ್ರ ಮರೆಯಲಿಲ್ಲ. ಇದನ್ನು ಬರೆದವರಿಗೆ ಕೈ ಮುಗಿಯಬೇಕು.

ಕುರ್ಚಿಯಲ್ಲಿ ಕೂತವನು:
ನನ್ನ ಮಾತನ್ನೇ ನೀನೂ ಹೇಳುತ್ತಿದ್ದೀಯ ಗುರು. ಆ ದೃಶ್ಯ ಅಷ್ಟು ನಾಟಿದ್ದು ಸಿಸ್ಕೋ ಕೈಯಲ್ಲಿ ಏನೂ ಇರಲಿಲ್ಲ ಅಂತ. ಒಬ್ಬ ಎಂಜಿನಿಯರ್, ಒಂದು ಟೀ ಶರ್ಟ್, ಎದುರಿಗೆ ಮೇಷ್ಟ್ರು. ನಾಲ್ಕನೇ ಸೀಸನ್ನಿನ ಸಿಸ್ಕೋ ಆಗಿದ್ದರೆ ಅಲ್ಲೇ ಒಂದು ಬಾಗಿಲು ತೆರೆದು ಬೇರೆ ಲೋಕಕ್ಕೆ ಹಾರಿಬಿಡುತ್ತಿದ್ದ.

ನಿದ್ದೆಗೆಟ್ಟ ಹುಬ್ಬಳ್ಳಿ:
ನಂದೊಂದೇ ಪ್ರಶ್ನೆ ರೀ. ಮೊದಲ ಸೀಸನ್ನಿನಲ್ಲಿ ಹಿಡಿದ ವಿಲನ್‌ಗಳನ್ನೆಲ್ಲ ಸ್ಟಾರ್ ಲ್ಯಾಬ್ಸ್ ಕೆಳಗಿನ ಪೈಪ್‌ಲೈನ್‌ನಲ್ಲಿ ಕೂಡಿಹಾಕಿದ್ದರಲ್ಲ, ಅವರಿಗೆ ಊಟ ಯಾರು ಕೊಡುತ್ತಿದ್ದರು? ಬಾತ್‌ರೂಮ್ ಎಲ್ಲಿತ್ತು? ಕೋರ್ಟಿಲ್ಲ, ಕೇಸಿಲ್ಲ. ಮನೆಯಲ್ಲೇ ಇಬ್ಬರು ಪೊಲೀಸ್ ಇಲಾಖೆಯವರು, ಐರಿಸ್ ಅಪ್ಪ ಜೋ ಡಿಟೆಕ್ಟಿವ್, ಬ್ಯಾರಿ ಫೊರೆನ್ಸಿಕ್. ಇಬ್ಬರೂ ತೆಪ್ಪಗಿದ್ದರು.

ಬ್ಯಾರಿ ಓಡು:
ಹಹ್ಹ. ಊಟ ಸಿಸ್ಕೋನೇ ತಂದುಕೊಡುತ್ತಿದ್ದ ಅಂದುಕೊಳ್ಳೋಣ. ಬಾತ್‌ರೂಮ್ ಬಗ್ಗೆ ಬರೆದವರನ್ನೇ ಕೇಳಬೇಕು.

ಮಂಗಳೂರು ಮಳೆ:
ಕುರ್ಚಿಯವರೇ, ನೀವು ಹಿಡಿದ ಎಳೆ ಸರಿ ಇದೆ, ಆದರೆ ಅರ್ಧಕ್ಕೇ ನಿಲ್ಲಿಸಿದ್ದೀರಿ. ಶಕ್ತಿ ಬಂದದ್ದು ಸಮಸ್ಯೆ ಅಲ್ಲ ಮಾರಾಯ್ರೆ. ಕೆಲಸ ಹೋದದ್ದು ಸಮಸ್ಯೆ.

ಐರಿಸ್‌ನ್ನೇ ತಗೊಳ್ಳಿ. ಮೊದಲ ಸೀಸನ್ನಿನಲ್ಲಿ ಅವಳು ಕಾಫಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಊರಲ್ಲಿ ಓಡುವ ಆ ಕೆಂಪು ಗೆರೆ ಬಗ್ಗೆ ಬ್ಲಾಗ್ ಬರೆಯುತ್ತಾಳೆ, ಆಮೇಲೆ ಪತ್ರಿಕೆ ಸೇರುತ್ತಾಳೆ. ಅವಳಿಗೆ ಒಂದು ಆಫೀಸಿದೆ, ಅಲ್ಲಿ ಒಬ್ಬ ಹಿರಿಯ ವರದಿಗಾರ ಇದ್ದಾನೆ, ಅವಳಿಗೆ ಅವಳದೇ ಆದ ಅನುಮಾನಗಳಿವೆ. ನಾಲ್ಕನೇ ಸೀಸನ್ ಹೊತ್ತಿಗೆ ಏನಾಗುತ್ತದೆ? ಸ್ಟಾರ್ ಲ್ಯಾಬ್ಸ್‌ನಲ್ಲಿ ಮೈಕ್ ಹಿಡಿದು "ಬ್ಯಾರಿ, ಎಡಕ್ಕೆ ಹೋಗು" ಅನ್ನುವ ಲೀಡರ್ ಆಗುತ್ತಾಳೆ. ಬಡ್ತಿ ಕೊಟ್ಟೆವು ಅಂತ ಬರೆದವರು ಅಂದುಕೊಂಡಿರಬೇಕು. ನಿಜಕ್ಕೂ ಅವಳ ಬದುಕನ್ನೇ ಕಿತ್ತುಕೊಂಡರು. ಮುಂದೆ ಅವಳದೇ ಪತ್ರಿಕೆ ಅಂತ ಒಂದು ಶುರು ಮಾಡಿಸಿದರು, ಅದು ಆಗಲೇ ತಡವಾಗಿತ್ತು.

ಅದೇ ಜೋ ವೆಸ್ಟ್ ನೋಡಿ. ಜೆಸ್ಸಿ ಎಲ್. ಮಾರ್ಟಿನ್ ಮಾಡಿದ ಪಾತ್ರ. ಅವನು ಯಾಕೆ ಅಷ್ಟು ವರ್ಷ ಹಿಡಿಸಿದ? ಅವನಿಗೆ ಸ್ಟೇಷನ್ ಇತ್ತು. ಮೇಲಧಿಕಾರಿ ಇದ್ದರು. ಮಗಳ ಬಗ್ಗೆ ಚಿಂತೆ ಇತ್ತು. ಲ್ಯಾಬಿಗೆ ಬಂದರೆ ಹೊರಗಿನ ಗಾಳಿ ಸ್ವಲ್ಪ ತರುತ್ತಿದ್ದ. ಮಿಕ್ಕವರೆಲ್ಲ ಬೆಳಗ್ಗೆಯಿಂದ ರಾತ್ರಿವರೆಗೆ ಆ ಒಂದೇ ಕೋಣೆಯಲ್ಲಿ ಬ್ಯಾರಿ ಬಗ್ಗೆಯೇ ಮಾತಾಡುತ್ತಾ ಕೂತಿದ್ದರು. ಸಂಬಳ ಯಾರು ಕೊಡುತ್ತಿದ್ದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಹಳೇ ಆಂಟೆನಾ:
ಮಳೆ ಮೇಡಂ ಹೇಳಿದ್ದಕ್ಕೆ ಹಳೇ ಕಾಲದ ಪುರಾವೆ ಇದೆ. ಸೂಪರ್‌ಮ್ಯಾನ್ ಕಥೆ ಇಷ್ಟು ವರ್ಷ ಬಾಳಿದ್ದರಲ್ಲಿ 'ಡೈಲಿ ಪ್ಲಾನೆಟ್' ಪತ್ರಿಕೆಯ ಪಾಲು ದೊಡ್ಡದು. ಆ ಆಫೀಸಿನ ಜನರಲ್ಲಿ ಸುಮಾರು ಮಂದಿ ಕಾಮಿಕ್ಸ್‌ಗಿಂತ ಮೊದಲು ರೇಡಿಯೋದಲ್ಲಿ ರೂಪ ಪಡೆದವರು ಅಂತ ಎಷ್ಟು ಜನರಿಗೆ ಗೊತ್ತು? 1940ರಲ್ಲಿ ಅಮೆರಿಕದಲ್ಲಿ ಸೂಪರ್‌ಮ್ಯಾನ್ ರೇಡಿಯೋ ನಾಟಕ ಶುರುವಾಯಿತು. ಸಂಪಾದಕ ಪೆರ್ರಿ ವೈಟ್ ಅಲ್ಲೇ ಹುಟ್ಟಿದ್ದು. ಜಿಮ್ಮಿ ಓಲ್ಸನ್‌ಗೆ ಹೆಸರು, ಗುಣ ಬಂದದ್ದೂ ಅಲ್ಲೇ. ಕಾರಣ ಸರಳ. ರೇಡಿಯೋದಲ್ಲಿ ಹೀರೋ ಹಾರುವುದು ಯಾರಿಗೂ ಕಾಣಿಸುವುದಿಲ್ಲ. ಕಂಡದ್ದನ್ನು ಬಾಯಿಬಿಟ್ಟು ಹೇಳಲು ಪಕ್ಕದಲ್ಲಿ ಒಬ್ಬ ಬೇಕು.

1952ರಿಂದ 1958ರವರೆಗೆ ಬಂದ ಟಿವಿ ಸೀರಿಯಲ್ಲಿನಲ್ಲಿ ಜಾಕ್ ಲಾರ್ಸನ್ ಜಿಮ್ಮಿ ಆದ. ಜನ ಅವನನ್ನು ಎಷ್ಟು ಮೆಚ್ಚಿದರು ಅಂದರೆ 1954ರಲ್ಲಿ ಜಿಮ್ಮಿ ಹೆಸರಿನಲ್ಲೇ ಬೇರೆ ಕಾಮಿಕ್ಸ್ ಶುರು ಮಾಡಿದರು. ಅದು 1974ರವರೆಗೆ ನಡೆಯಿತು. ಬೋ ಟೈ ಕಟ್ಟಿದ ಒಬ್ಬ ಹುಡುಗನಿಗೆ ಇಪ್ಪತ್ತು ವರ್ಷ!

ನಮ್ಮಲ್ಲೂ ಅದೇ ಅಲ್ವಾ? 1997ರಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಬಂದಾಗ ಪತ್ರಿಕಾ ಆಫೀಸೂ ಬಂತು. ಹಲ್ಲುಬ್ಬ ಗಂಗಾಧರ ಫೋಟೋಗ್ರಾಫರ್, ಗೀತಾ ವಿಶ್ವಾಸ್ ವರದಿಗಾರ್ತಿ. ಹಿಂದಿ ಅರ್ಧಂಬರ್ಧ ತಿಳಿಯುತ್ತಿದ್ದ ನಮ್ಮ ಬೀದಿಯ ಮಕ್ಕಳಿಗೂ ಗಂಗಾಧರ ಪೂರ್ತಿ ಅರ್ಥವಾಗುತ್ತಿದ್ದ. ನನ್ನ ತಮ್ಮ ಕೈ ಮೇಲೆತ್ತಿ ಗಿರಗಿರ ತಿರುಗಿ ಬೀಳುತ್ತಿದ್ದುದು ಬೇರೆ ಮಾತು.

ಎಡಿಟಿಂಗ್ ಟೇಬಲ್:
ನಾನು ಸೀರಿಯಲ್ ಎಡಿಟಿಂಗ್ ಕೆಲಸ ಮಾಡುವವನು (ಸೂಪರ್‌ಹೀರೋ ಅಲ್ಲ, ಅತ್ತೆ ಸೊಸೆ). ಆ ಒಂದೇ ಕೋಣೆ ಯಾಕೆ ಅಂತ ಸ್ವಲ್ಪ ಹೇಳುತ್ತೇನೆ.

ಅಮೆರಿಕದ ಚಾನೆಲ್‌ಗಳ ಹಳೇ ಪದ್ಧತಿಯಲ್ಲಿ ಸೀಸನ್ ಅಂದರೆ 22-23 ಎಪಿಸೋಡ್. ಅಕ್ಟೋಬರಿನಲ್ಲಿ ಶುರು, ಮೇ ತಿಂಗಳಿಗೆ ಮುಗಿಯಬೇಕು. ಒಂದು ಎಪಿಸೋಡ್ ಅಂದರೆ ಜಾಹೀರಾತು ಕಳೆದು ನಲವತ್ತೆರಡು ನಿಮಿಷದ ಆಸುಪಾಸು. ಓಡುವುದು, ಮಿಂಚು ಹೊಡೆಯುವುದು, ಕಟ್ಟಡ ಬೀಳುವುದು ಎಲ್ಲ ಗ್ರಾಫಿಕ್ಸ್. ಅದಕ್ಕೆ ದುಡ್ಡೂ ಬೇಕು, ಸಮಯವೂ ಬೇಕು. ನಲವತ್ತೆರಡು ನಿಮಿಷವೂ ಅದನ್ನೇ ತೋರಿಸಲು ಆಗುವುದಿಲ್ಲ. ಮಿಕ್ಕ ಹೊತ್ತಿಗೆ ಖಾಯಂ ಸೆಟ್ ಬೇಕು. 'ಆರೋ'ನಲ್ಲಿ ನೆಲಮಾಳಿಗೆ, 'ದಿ ಫ್ಲ್ಯಾಶ್'ನಲ್ಲಿ ಕಾರ್ಟೆಕ್ಸ್ ಅನ್ನೋ ಸ್ಟಾರ್ ಲ್ಯಾಬ್ಸ್ ಕಂಟ್ರೋಲ್ ರೂಮ್. ಲೈಟ್ ಆಗಲೇ ಕಟ್ಟಿರುತ್ತದೆ, ಕ್ಯಾಮೆರಾ ಎಲ್ಲಿಡಬೇಕು ಅಂತ ಎಲ್ಲರಿಗೂ ಗೊತ್ತಿರುತ್ತದೆ, ಐದು ಜನರನ್ನು ನಿಲ್ಲಿಸಿ ದಿನಕ್ಕೆ ಎಷ್ಟೋ ಪುಟ ಮುಗಿಸಬಹುದು.

ಕಂಪ್ಯೂಟರ್ ಮುಂದೆ ಕೂತವರಿಂದ ಇನ್ನೊಂದು ಲಾಭ ಇದೆ. ಹೀರೋ ಹೊರಗೆ ಓಡುತ್ತಿದ್ದಾನೆ ಅಂತ ತೋರಿಸಲು ಮ್ಯಾಪ್ ಮೇಲೆ ಒಂದು ಚುಕ್ಕಿ, ನೋಡುವವರ ಮುಖದಲ್ಲಿ ಗಾಬರಿ, ಅಷ್ಟು ಸಾಕು. ಎಷ್ಟೋ ಸೆಕೆಂಡಿನ ಗ್ರಾಫಿಕ್ಸ್ ಖರ್ಚನ್ನು ಕೇಟ್ಲಿನ್ ಹುಬ್ಬು ಉಳಿಸಿಕೊಡುತ್ತದೆ. ಆಂಟೆನಾ ಸರ್ ಹೇಳಿದ ರೇಡಿಯೋ ಉಪಾಯವೇ ಇದು, ಈಗ ಮುಖದ ಜೊತೆಗೆ.

ಪತ್ರಿಕೆ ಆಫೀಸು, ಪೊಲೀಸ್ ಸ್ಟೇಷನ್, ಕಾಫಿ ಅಂಗಡಿ ಎಲ್ಲ ಇಟ್ಟುಕೊಂಡರೆ ಅಷ್ಟೂ ಸೆಟ್, ಅಷ್ಟೂ ಜನ ಬೇಕು. ಸೀಸನ್ ಉದ್ದಕ್ಕೆ ಸುಸ್ತಾದಾಗ ಮೊದಲು ಕತ್ತರಿ ಬೀಳುವುದು ಅಂಥ ಕಡೆ. ಬರೆಯುವವರ ಮೇಲೆ ಮಾತ್ರ ತಪ್ಪು ಹೊರಿಸಬೇಡಿ.

ಮಂಗಳೂರು ಮಳೆ:
ಟೇಬಲ್ ಅವರೇ, ಖರ್ಚಿನ ಕಥೆ ಒಪ್ಪಿದೆ. ಆದರೆ 'ಸೂಪರ್‌ಗರ್ಲ್' ಮೊದಲ ಸೀಸನ್ನಿನಲ್ಲಿ ಮಾಧ್ಯಮ ಕಂಪನಿಯ ಒಡತಿ ಕ್ಯಾಟ್ ಗ್ರ್ಯಾಂಟ್ ಇದ್ದಳಲ್ಲ? ಕ್ಯಾಲಿಸ್ಟಾ ಫ್ಲಾಕ್‌ಹಾರ್ಟ್ ಮಾಡಿದ ಪಾತ್ರ. ಅವಳಿಗೆ ಒಂದು ಗಾಜಿನ ಕೋಣೆ, ಒಂದು ಮೇಜು, ಅಷ್ಟೇ. ಸೂಪರ್‌ಗರ್ಲ್ ಆದ ಕಾರಾಗೆ ಬೈಯುವುದು, ಕೆಲಸ ಹೇಳುವುದು, ನಡುವೆ ಒಂದು ಒಳ್ಳೆ ಮಾತು ಹೇಳಿ ಮತ್ತೆ ಬೈಯುವುದು. ಅವಳಿಗೆ ಅವಳ ಕಂಪನಿ ಮುಖ್ಯ, ಸೂಪರ್‌ಗರ್ಲ್ ಆಮೇಲೆ. ಹಾಗಾಗಿ ಅವಳು ಕೊಟ್ಟ ಬುದ್ಧಿಮಾತಿಗೆ ತೂಕ ಇತ್ತು. 2016ರಲ್ಲಿ ಸೀರಿಯಲ್ ಸಿಬಿಎಸ್ ಚಾನೆಲ್‌ನಿಂದ ಸಿಡಬ್ಲ್ಯೂ ಚಾನೆಲ್‌ಗೆ ಬಂತು, ಶೂಟಿಂಗ್ ಲಾಸ್ ಏಂಜಲೀಸ್‌ನಿಂದ ವ್ಯಾಂಕೂವರ್‌ಗೆ ಹೋಯಿತು, ಫ್ಲಾಕ್‌ಹಾರ್ಟ್ ಖಾಯಂ ಪಾತ್ರದಿಂದ ಹೊರಗೆ ಬಂದರು. ಆ ಸೀರಿಯಲ್ ಮುಂದೆ 2021ರವರೆಗೆ ನಡೆಯಿತು. ಆ ಮೇಜು ಮಾತ್ರ ನನಗೆ ಕೊನೇವರೆಗೂ ಖಾಲಿಯಾಗೇ ಕಂಡಿತು.

ನಿದ್ದೆಗೆಟ್ಟ ಹುಬ್ಬಳ್ಳಿ:
'ಆರೋ'ದ ಫೆಲಿಸಿಟಿ ಬಗ್ಗೆ ಯಾರೂ ಮಾತಾಡಿಲ್ಲ ಯಾಕ್ರೀ? ಹೆದರಿಕೆಯಾ?

ಬ್ಯಾರಿ ಓಡು:
ಹೆದರಿಕೆಯೇ. ಈ ವಿಷಯಕ್ಕೆ ಹಿಂದೊಮ್ಮೆ ಇಲ್ಲಿ ಆದ ಜಗಳ ನೆನಪಿದೆ.

ಕುರ್ಚಿಯಲ್ಲಿ ಕೂತವನು:
ನಾನೇ ಶುರು ಮಾಡುತ್ತೇನೆ. 'ಆರೋ' 2012ರ ಅಕ್ಟೋಬರಿನಲ್ಲಿ ಬಂದಾಗ ಅದು ಸಿಡುಕು ಮೋರೆಯ ಸೀರಿಯಲ್. ಹೀರೋ ಆಲಿವರ್ ದ್ವೀಪದಿಂದ ವಾಪಸ್ ಬಂದು, ಒಂದು ಪಟ್ಟಿ ಹಿಡಿದುಕೊಂಡು, ಊರಿಗೆ ದ್ರೋಹ ಮಾಡಿದವರಿಗೆ ಬಾಣ ಬಿಡುತ್ತಾ, ಸಮಯ ಸಿಕ್ಕಾಗ ಅಂಗಿ ಬಿಚ್ಚಿ ಕಬ್ಬಿಣದ ಸರಳು ಹತ್ತುತ್ತಾ ಇದ್ದ. ಮೂರನೇ ಎಪಿಸೋಡಿನಲ್ಲಿ ಗುಂಡೇಟಿನಿಂದ ತೂತಾದ ಒಂದು ಲ್ಯಾಪ್‌ಟಾಪ್ ತಂದು ಐಟಿ ವಿಭಾಗದ ಹುಡುಗಿ ಫೆಲಿಸಿಟಿ ಮುಂದೆ ಇಟ್ಟು, ಕಾಫಿ ಚೆಲ್ಲಿತು ಅನ್ನುತ್ತಾನೆ. ಅವಳು ತೂತುಗಳನ್ನೂ ನೋಡುತ್ತಾಳೆ, ಅವನ ಮುಖವನ್ನೂ ನೋಡುತ್ತಾಳೆ. ಅಲ್ಲೇ ಸೀರಿಯಲ್ ಮೊದಲ ಸಲ ನಕ್ಕಿದ್ದು.

ಫೆಲಿಸಿಟಿ ಪಾತ್ರದ ಎಮಿಲಿ ಬೆಟ್ ರಿಕರ್ಡ್ಸ್ ಬಂದಿದ್ದು ಆ ಒಂದು ಎಪಿಸೋಡಿಗೆ ಮಾತ್ರ. ಎರಡನೇ ಸೀಸನ್ ಹೊತ್ತಿಗೆ ಖಾಯಂ ಆದರು. ಫೆಲಿಸಿಟಿ ಸ್ಮೋಕ್ ಅನ್ನೋ ಹೆಸರು ಹಳೇ ಕಾಮಿಕ್ಸ್‌ನಲ್ಲಿ ಇತ್ತು, ಆದರೆ ಅವಳು ಫೈರ್‌ಸ್ಟಾರ್ಮ್ ಅನ್ನೋ ಇನ್ನೊಬ್ಬ ಹೀರೋ ಕಥೆಯಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸುವ ಬೇರೆಯೇ ಹೆಂಗಸು. ಟಿವಿಯ ಫೆಲಿಸಿಟಿಯನ್ನು ಕಟ್ಟಿದ್ದು ಆ ನಟಿಯೇ ಅನ್ನಬೇಕು.

ಮಳೆ ಮೇಡಂ ವಾದ ಇವಳಿಗೆ ಕರಾರುವಾಕ್ಕಾಗಿ ಹೊಂದುತ್ತದೆ. ಎರಡನೇ ಸೀಸನ್ನಿನಲ್ಲಿ ಆಲಿವರ್ ಅವಳನ್ನು ಐಟಿಯಿಂದ ಎತ್ತಿ ತನ್ನ ಸೆಕ್ರೆಟರಿ ಮಾಡಿಕೊಂಡಾಗ ಅವಳಿಗೆ ಬಂದ ಸಿಟ್ಟು ನೆನಪಿದೆಯಾ? ಆ ಸಿಟ್ಟು ನಿಜವಾದದ್ದು. ಓದಿ ಸಂಪಾದಿಸಿದ ಕೆಲಸ ಅದು. ಆಮೇಲೆ ಪಾಮರ್ ಟೆಕ್ ಕಂಪನಿಗೆ ಮುಖ್ಯಸ್ಥೆಯಾದಳು, ಅದೂ ಹೋಯಿತು. ನಾಲ್ಕನೇ ಸೀಸನ್ನಿನಲ್ಲಿ ಗುಂಡು ತಗಲಿ ಕಾಲು ಸ್ವಾಧೀನ ತಪ್ಪಿತು. ಒಂದು ಚಿಪ್ ಹಾಕಿದರು, ಎದ್ದು ನಡೆದಳು. ಎಷ್ಟು ದೊಡ್ಡ ಕಥೆ ಅದು, ಎಷ್ಟು ಬೇಗ ಮುಗಿಸಿಬಿಟ್ಟರು! ಕೊನೆಗೆ ಉಳಿದಿದ್ದು ಆಲಿವರ್ ಜೊತೆ ಜಗಳ, ರಾಜಿ, ಮತ್ತೆ ಜಗಳ.

ಹಳೇ ಆಂಟೆನಾ:
ಆಲಿವರ್ ಅಂಗರಕ್ಷಕ ಡಿಗಲ್ ವಿಷಯಕ್ಕೆ ಬರೋಣ. ಅವನು ಟಿವಿಗಾಗಿಯೇ ಹುಟ್ಟಿದ ಪಾತ್ರ. 'ಆರೋ'ಗೆ ಮೂಲವಾದ ಗ್ರೀನ್ ಆರೋ ಕಾಮಿಕ್ಸ್ ಬರೆದ ಆಂಡಿ ಡಿಗಲ್ ಅವರ ಹೆಸರನ್ನು ಗೌರವಕ್ಕೆ ಇಟ್ಟಿದ್ದು. ಆಮೇಲೆ ಕಾಮಿಕ್ಸ್‌ಗೂ ಹೋದ. ಇಂಥ ಉಲ್ಟಾ ಪ್ರಯಾಣ ಇದೇ ಮೊದಲಲ್ಲ. ಹಾರ್ಲಿ ಕ್ವಿನ್ 1992ರಲ್ಲಿ ಬ್ಯಾಟ್‌ಮ್ಯಾನ್ ಅನಿಮೇಷನ್ ಸೀರಿಯಲ್ಲಿನ ಒಂದು ಎಪಿಸೋಡಿಗೆ ಜೋಕರನ ಸಹಾಯಕಿಯಾಗಿ ಬಂದಳು. ಪಾಲ್ ಡಿನಿ ಬರೆದ ಎಪಿಸೋಡ್ ಅದು. ಇವತ್ತು ಅವಳ ಹೆಸರಲ್ಲೇ ಸೀರಿಯಲ್ ಇದೆ.

ಮಂಗಳೂರು ಮಳೆ:
ಡಿಗಲ್ ಅಂದರೆ ನನಗೆ ಪ್ರಾಣ. ಅಂಗರಕ್ಷಕನಾಗಿ ಬಂದವನು, ಹೆಂಡತಿ, ಮಗು, ಸೈನ್ಯದ ಹಳೇ ನೋವು ಎಲ್ಲ ಇದ್ದವನು. ಅವನಿಗೂ ಹೆಲ್ಮೆಟ್ ಹಾಕಿಸಿದರು, ಆ ಹೆಲ್ಮೆಟ್ ನೋಡಿ ಎಲ್ಲರೂ ನಕ್ಕರು. ಆದರೆ 2020ರ ಜನವರಿಯಲ್ಲಿ ಬಂದ 'ಆರೋ' ಕೊನೆಯ ಎಪಿಸೋಡಿನಲ್ಲಿ ಅವನ ಮುಂದೆ ಹಸಿರು ಬೆಳಕಿನ ಒಂದು ಪೆಟ್ಟಿಗೆ ಬಂದು ಬೀಳುತ್ತದೆ. ಗ್ರೀನ್ ಲ್ಯಾಂಟರ್ನ್ ಅನ್ನೋ ಸೂಪರ್‌ಹೀರೋ ಆಗುತ್ತಾನೆ ಅಂತ ಎಲ್ಲರೂ ಕಾದರು. ಮುಂದೆ 'ದಿ ಫ್ಲ್ಯಾಶ್'ಗೆ ಬಂದಾಗ ಆ ಪೆಟ್ಟಿಗೆಯನ್ನು ಬೇಡ ಅಂದುಬಿಡುತ್ತಾನೆ. ಸಂಸಾರ ಬಿಟ್ಟು ಆಕಾಶಕ್ಕೆ ಹೋಗುವುದಿಲ್ಲ ಅಂತ. ಅಭಿಮಾನಿಗಳು ಗಲಾಟೆ ಮಾಡಿದರು. ನನಗಂತೂ ಬಹಳ ಖುಷಿಯಾಯಿತು.

ಬ್ಯಾರಿ ಓಡು:
ಮೇಡಂ, ಅದು ನಮ್ಮ ಹೊಟ್ಟೆ ಉರಿಸಿದ ಎಪಿಸೋಡ್! ಎರಡು ವರ್ಷ ಕಾಯಿಸಿ ಬೇಡ ಅನ್ನಿಸಿದರು. ಅದನ್ನು ತ್ಯಾಗ ಅನ್ನಬೇಡಿ. ಆ ಪಾತ್ರ ಬಳಸಲು ಅವಕಾಶ ಇರಲಿಲ್ಲವೇನೋ ಅನ್ನೋ ಅನುಮಾನ ನನಗೆ.

ಇನ್ನೊಂದು. ಮೂಲ ವಾದಕ್ಕೇ ಒಂದು ಏಟು ಕೊಡುತ್ತೇನೆ. ಐದನೇ ಸೀಸನ್ನಿನ ಕೊನೆಗೆ, 2019ರಲ್ಲಿ, ಸಿಸ್ಕೋ ಔಷಧಿ ತಗೊಂಡು ತನ್ನ ಶಕ್ತಿಯನ್ನು ತಾನೇ ಕಳೆದುಕೊಂಡ. ಮತ್ತೆ ಮಾಮೂಲಿ ಮನುಷ್ಯನಾದ. ಆರನೇ ಸೀಸನ್ ಅದರಿಂದ ಚೆನ್ನಾಯಿತಾ? ಇಲ್ಲ. ಏಳನೇ ಸೀಸನ್ನಿನಲ್ಲಿ ಹೊರಟೇಹೋದ. ಇದಕ್ಕೇನು ಹೇಳುತ್ತೀಯ ಕುರ್ಚಿ ಗುರು?

ಕುರ್ಚಿಯಲ್ಲಿ ಕೂತವನು:
ಒಬ್ಬ ಶಕ್ತಿ ಬಿಟ್ಟರೆ ಏನಾಯಿತು, ಕೋಣೆ ತುಂಬ ಶಕ್ತಿವಂತರು ಹಾಗೇ ಇದ್ದರಲ್ಲ. ಅವನ ಮಾತು ಕೇಳಲು ಎದುರಿಗೂ ಒಬ್ಬ ಮಾಮೂಲಿ ಬೇಕು. ಮೊದಲ ಸೀಸನ್ನಿನಲ್ಲಿ ಸಿಸ್ಕೋ ಮತ್ತು ಕೇಟ್ಲಿನ್ ಇಬ್ಬರೇ ಕೂತು ಸುಮ್ನೆ ಜಗಳ ಆಡುವ ದೃಶ್ಯಗಳಿದ್ದವು. ಯಾರು ಹೆಸರಿಡಬೇಕು, ಯಾವ ಹೆಸರು ಚೆನ್ನಾಗಿದೆ ಅಂತ. ಆರನೇ ಸೀಸನ್ನಿನಲ್ಲಿ ಅಂಥ ಹೊತ್ತು ಎಲ್ಲಿದೆ ತೋರಿಸು.

ಅದೂ ಅಲ್ಲದೆ ಅವನು ಶಕ್ತಿ ಬಿಟ್ಟ ಕಾರಣ ಕಥೆಯಲ್ಲಿ ತುಂಬ ಒಳ್ಳೆಯದಿತ್ತು. ಬೇರೆ ಬದುಕು ಬೇಕು ಅಂತ ಬಿಟ್ಟ. ಆ ಬೇರೆ ಬದುಕನ್ನು ತೋರಿಸಲೇ ಇಲ್ಲ, ಮತ್ತೆ ಅದೇ ಕಂಪ್ಯೂಟರ್ ಮುಂದೆ ಕೂರಿಸಿದರು.

ನಿದ್ದೆಗೆಟ್ಟ ಹುಬ್ಬಳ್ಳಿ:
ವೆಲ್ಸ್ ಬಗ್ಗೆನೂ ಹೇಳ್ರಿ. ಆ ಪಾತ್ರ ಮಾಡಿದ ಟಾಮ್ ಕ್ಯಾವನಾ ಅವರನ್ನು ಬಿಡಲು ಮನಸ್ಸಿಲ್ಲ, ಪಾತ್ರ ಸತ್ತಿದೆ. ಪ್ರತಿವರ್ಷ ಬೇರೆ ಭೂಮಿಯಿಂದ (ಅಂದರೆ ಪರ್ಯಾಯ ಲೋಕದಿಂದ) ಒಬ್ಬ ವೆಲ್ಸ್! ಒಂದು ಸಲ ಸಿಡುಕ ಹ್ಯಾರಿ, ಒಂದು ಸಲ ಕೋಲು ತಿರುಗಿಸುವ ಎಚ್.ಆರ್., ಒಂದು ಸಲ ಫ್ರೆಂಚ್ ಉಚ್ಚಾರದ ಪತ್ತೇದಾರ ಶೆರ್ಲಾಕ್, ಆಮೇಲೆ ನ್ಯಾಶ್.

ಮಂಗಳೂರು ಮಳೆ:
ನಮಗೆ ಕರಾವಳಿಯವರಿಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ. ರಾತ್ರಿಯಿಡೀ ಯಕ್ಷಗಾನ ಆಟ ನೋಡಿ ಬೆಳೆದವರು ನಾವು. ಒಬ್ಬರೇ ಹಾಸ್ಯಗಾರರು ಒಮ್ಮೆ ದೂತನಾಗಿ ಬರುತ್ತಾರೆ, ಮುಂದಿನ ಪ್ರಸಂಗಕ್ಕೆ ಮುದುಕನಾಗಿ ಬರುತ್ತಾರೆ. ಜನ ಕಾಯುವುದೇ ಅವರು ಈ ಸಲ ಯಾವ ವೇಷದಲ್ಲಿ ಬರುತ್ತಾರೆ ಅಂತ. ಕ್ಯಾವನಾ ಅವರ ವೆಲ್ಸ್ ನನಗೆ ಹಾಗೇ. ಎರಡನೇ ಸೀಸನ್ನಿನ ಹ್ಯಾರಿ ಮತ್ತು ಸಿಸ್ಕೋ ಜೋಡಿ ಈ ಸೀರಿಯಲ್ಲಿನ ಅತಿ ಒಳ್ಳೆಯ ಜೋಡಿ, ಬ್ಯಾರಿ ಐರಿಸ್ ಅಲ್ಲ. ತನ್ನನ್ನು ಕೊಂದವನ ಮುಖವೇ ಇರುವ ಮನುಷ್ಯನ ಜೊತೆ ದಿನವೂ ಕೆಲಸ ಮಾಡಬೇಕು ಸಿಸ್ಕೋಗೆ. ಮೊದಲು ಮುಖ ನೋಡಲೂ ಆಗುವುದಿಲ್ಲ, ನಿಧಾನಕ್ಕೆ ಬೈದಾಡುತ್ತಾ ಸ್ನೇಹಿತರಾಗುತ್ತಾರೆ. ಒಂದು ಸವಕಲು ಉಪಾಯದಿಂದ ಇಷ್ಟು ಒಳ್ಳೆಯದು ಹುಟ್ಟಿತು.

ಅದೇ ಉಪಾಯ 'ಆರೋ'ನಲ್ಲಿ ಲಾರೆಲ್‌ಗೆ. 2016ರಲ್ಲಿ ನಾಲ್ಕನೇ ಸೀಸನ್ನಿನಲ್ಲಿ ಅವಳನ್ನು ಕೊಂದರು, ಬೇರೆ ಭೂಮಿಯ ಕೆಟ್ಟ ಲಾರೆಲ್ ಆಗಿ ಕೇಟಿ ಕ್ಯಾಸಿಡಿ ವಾಪಸ್ ಬಂದರು. ಇಲ್ಲಿ ನೋಡಬೇಕಾದ್ದು ಅಪ್ಪ ಕ್ವೆಂಟಿನ್ ಲ್ಯಾನ್ಸ್. ಮಗಳಲ್ಲ ಅಂತ ಗೊತ್ತು, ಮುಖ ಮಗಳದೇ. ಪಾಲ್ ಬ್ಲ್ಯಾಕ್‌ಥಾರ್ನ್ ಮಾಡಿದ ಆ ಅಪ್ಪನ ಮೇಲೆ ಯಾರೂ ಬರೆಯುವುದಿಲ್ಲ.

ಕುರ್ಚಿಯಲ್ಲಿ ಕೂತವನು:
ಬೇರೆ ಭೂಮಿ ಬೇಡ ಅಂದವನು ನಾನಲ್ಲ. ಹ್ಯಾರಿಗೂ ಶಕ್ತಿ ಇರಲಿಲ್ಲ, ಗಮನಿಸಿ.

ಹಳೇ ಆಂಟೆನಾ:
ಮುಖ ಬಳಸಿಕೊಳ್ಳುವುದರಲ್ಲಿ 'ದಿ ಫ್ಲ್ಯಾಶ್' ಜಾಣ. 1990ರಲ್ಲಿ ಸಿಬಿಎಸ್‌ನಲ್ಲಿ ಒಂದೇ ಸೀಸನ್ ನಡೆದ ಹಳೇ 'ಫ್ಲ್ಯಾಶ್' ಇತ್ತು. ಅದರ ಬ್ಯಾರಿ ಜಾನ್ ವೆಸ್ಲಿ ಶಿಪ್. ಹೊಸದರಲ್ಲಿ ಅವರು ಬ್ಯಾರಿಯ ಅಪ್ಪ ಹೆನ್ರಿ ಆದರು, ಆಮೇಲೆ ಇನ್ನೊಬ್ಬ ಫ್ಲ್ಯಾಶ್ ಜೇ ಗ್ಯಾರಿಕ್ ಆದರು. ಹಳೆಯದರಲ್ಲಿ ವಿಜ್ಞಾನಿ ಟೀನಾ ಮೆಗಿ ಆಗಿದ್ದ ಅಮಾಂಡಾ ಪೇಸ್ ಅದೇ ಹೆಸರಿನ ಪಾತ್ರಕ್ಕೆ ವಾಪಸ್ ಬಂದರು. ಟ್ರಿಕ್‌ಸ್ಟರ್ ಆಗಿದ್ದ ಮಾರ್ಕ್ ಹ್ಯಾಮಿಲ್ ಕೂಡ. ಹಳೆಯ ಸೀರಿಯಲ್ಲಿನಲ್ಲೂ ಸ್ಟಾರ್ ಲ್ಯಾಬ್ಸ್, ಅಲ್ಲೊಬ್ಬ ವಿಜ್ಞಾನಿ, ಬ್ಯಾರಿಗೆ ತಪಾಸಣೆ. ಕೇಟ್ಲಿನ್‌ಗೆ ಅಕ್ಕ ಇದ್ದಳು ಅಂದುಕೊಳ್ಳಿ.

ಅಮಾವಾಸ್ಯೆ ಬಾವಲಿ:
ಎಲ್ಲರೂ ಸಿಡಬ್ಲ್ಯೂ ಸುತ್ತಲೇ ಸುತ್ತುತ್ತಿದ್ದೀರಿ. 'ಡೇರ್‌ಡೆವಿಲ್' ಹೆಸರು ಮೊದಲ ಸಾಲಿನಲ್ಲಿ ಬರೆದು ಆಮೇಲೆ ಮರೆತೇಬಿಟ್ಟಿರಿ.

2015ರ ಏಪ್ರಿಲ್, ನೆಟ್‌ಫ್ಲಿಕ್ಸ್, ಹದಿಮೂರು ಎಪಿಸೋಡ್. ಎರಡನೇ ಎಪಿಸೋಡಿನ ಕಾರಿಡಾರ್ ಫೈಟ್ ಬಗ್ಗೆ ಊರೆಲ್ಲ ಮಾತಾಡಿತು. ನನಗೆ ಹತ್ತನೇ ಎಪಿಸೋಡ್ ದೊಡ್ಡದು. ಫೈಟ್ ಆಗಲೇ ಮುಗಿದಿದೆ, ಮಾಸ್ಕ್ ಹಾಕಿ ಡೇರ್‌ಡೆವಿಲ್ ಆಗುವ ಕುರುಡ ವಕೀಲ ಮ್ಯಾಟ್ ಮೈಯೆಲ್ಲ ಹೊಲಿಗೆ ಹಾಕಿಕೊಂಡು ಬಿದ್ದಿದ್ದಾನೆ, ಗೆಳೆಯ ಫಾಗಿ ಎದುರಿಗೆ ಕೂತಿದ್ದಾನೆ. ಕಾಲೇಜಿನಿಂದ ಒಟ್ಟಿಗಿದ್ದವರು, ಒಟ್ಟಿಗೆ ಆಫೀಸು ತೆರೆದವರು. ಫಾಗಿಯ ಸಿಟ್ಟು ಮಾಸ್ಕ್ ಬಗ್ಗೆ ಅಲ್ಲ. ಎದೆಬಡಿತ ಕೇಳಿಸುತ್ತದೆ ಅಂದರೆ ನಾನು ಸುಳ್ಳು ಹೇಳಿದಾಗಲೆಲ್ಲ ನಿನಗೆ ಗೊತ್ತಾಗುತ್ತಿತ್ತು, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದೆ. ಅದಕ್ಕೆ ಸಿಟ್ಟು. ಗುಟ್ಟು ಬಯಲಾಗುವುದು ಎಲ್ಲ ಸೂಪರ್‌ಹೀರೋ ಸೀರಿಯಲ್ಲಿನಲ್ಲೂ ಇರುವ ಫಾರ್ಮುಲಾ. ಇಲ್ಲಿ ಅದನ್ನು ಮೋಸ ಹೋದ ಗೆಳೆಯನ ಕಡೆಯಿಂದ ಬರೆದರು.

ಐರಿಸ್‌ಗೆ ಅದೇ ಮಾಡಬಹುದಿತ್ತು. ಬ್ಯಾರಿಯೇ ಫ್ಲ್ಯಾಶ್ ಅಂತ ಅಪ್ಪನಿಗೆ ಗೊತ್ತು, ಲ್ಯಾಬಿನವರಿಗೆ ಗೊತ್ತು, ಅವಳ ಹುಡುಗ ಎಡ್ಡಿಗೂ ಗೊತ್ತು, ಬೇರೆ ಊರಿಂದ ಬಂದ ಆಲಿವರ್, ಫೆಲಿಸಿಟಿಗೂ ಗೊತ್ತು. ಅವಳೊಬ್ಬಳಿಗೆ ಬಿಟ್ಟು! ಅವಳ ಒಳ್ಳೆಯದಕ್ಕೆ ಅಂತ ಬೇರೆ. 'ಸೂಪರ್‌ಗರ್ಲ್' ಇದನ್ನೇ ಕಾರಾ ಗೆಳತಿ ಲೀನಾ ಲೂಥರ್‌ಗೆ ನಾಲ್ಕನೇ ಸೀಸನ್ನಿನ ಕೊನೆಯವರೆಗೆ ಎಳೆಯಿತು. ಆದರೆ ಅಲ್ಲಿ ಲೀನಾ ಸಿಟ್ಟಿಗೆ ಇಡೀ ಐದನೇ ಸೀಸನ್ ಕೊಟ್ಟರು, ಅಷ್ಟಾದರೂ ನ್ಯಾಯ.

ಕ್ಲೇರ್ ಟೆಂಪಲ್ ಬಗ್ಗೆ ಹೇಳದಿದ್ದರೆ ಆ ಪಾತ್ರ ಮಾಡಿದ ರೊಸಾರಿಯೋ ಡಾಸನ್ ಶಾಪ ಹಾಕುತ್ತಾರೆ. ನರ್ಸ್. ಡೇರ್‌ಡೆವಿಲ್, ಜೆಸ್ಸಿಕಾ ಜೋನ್ಸ್, ಲ್ಯೂಕ್ ಕೇಜ್, ಐರನ್ ಫಿಸ್ಟ್, ಡಿಫೆಂಡರ್ಸ್, ಐದೂ ಸೀರಿಯಲ್ಲಿನಲ್ಲಿ ಬರುತ್ತಾಳೆ. ಎಲ್ಲರ ಗಾಯ ಹೊಲಿಯುತ್ತಾಳೆ, ಎಲ್ಲರಿಗೂ ಬೈಯುತ್ತಾಳೆ. ಡಿಫೆಂಡರ್ಸ್‌ಗೆ ನಾಲ್ಕು ಜನ ಹೀರೋಗಳನ್ನು ಒಟ್ಟು ಸೇರಿಸುವ ದಾರ ಅವಳೇ. ಮಾಸ್ಕ್ ಇಲ್ಲ.

ಮಂಗಳೂರು ಮಳೆ:
ಬಾವಲಿ, ನನ್ನ ಕೆಲಸ ನೀವು ಮಾಡಿದಿರಿ! ಫಾಗಿ ವಕೀಲ, ಕ್ಲೇರ್ ನರ್ಸ್, ಕೇರನ್ ಮೊದಲು ಆಫೀಸು ನೋಡಿಕೊಳ್ಳುವವಳು, ಆಮೇಲೆ ವರದಿಗಾರ್ತಿ. ಅವರ ಕೆಲಸದಿಂದಲೇ ಕಥೆ ಮುಂದೆ ಹೋಗುತ್ತದೆ. ಕೇರನ್ ಒಂದು ಕಡತ ಹುಡುಕಿದರೆ ಅದು ಫೈಟ್‌ಗಿಂತ ಜಾಸ್ತಿ ಎದೆ ಡವಗುಟ್ಟಿಸುತ್ತದೆ.

'ಡೇರ್‌ಡೆವಿಲ್' 2025ರಲ್ಲಿ ಡಿಸ್ನಿಯಲ್ಲಿ ಮತ್ತೆ ಶುರುವಾದಾಗ ಮೊದಲ ಎಪಿಸೋಡಿನಲ್ಲೇ ಫಾಗಿಯನ್ನು ಕೊಂದರಲ್ಲ, ಅದನ್ನು ನಾನು ಕ್ಷಮಿಸಿಲ್ಲ. ಹೀರೋಗೆ ಕಣ್ಣೀರು ಬರಿಸಲು ಪಕ್ಕದವನನ್ನು ಕೊಲ್ಲುವುದು ಎಲ್ಲಕ್ಕಿಂತ ಹಳೇ ಫಾರ್ಮುಲಾ.

ಎಡಿಟಿಂಗ್ ಟೇಬಲ್:
ಹದಿಮೂರು ಎಪಿಸೋಡಿಗೆ ಅದು ಸಾಧ್ಯ, ಇಪ್ಪತ್ಮೂರಕ್ಕೆ ಕಷ್ಟ. ಆದರೆ ಉದ್ದ ಇದ್ದಿದ್ದರಿಂದಲೇ ಆ ಪಾತ್ರಗಳು ನಮ್ಮ ಮನೆಯವರ ಹಾಗೆ ಆದರು ಅನ್ನೋದನ್ನೂ ಮರೆಯಬೇಡಿ. 'ಏಜೆಂಟ್ಸ್ ಆಫ್ ಶೀಲ್ಡ್' 136 ಎಪಿಸೋಡ್ ನಡೆಯಿತು. ಸಿನಿಮಾದಲ್ಲಿ ಸತ್ತ ಒಬ್ಬ ಕೋಟು ಟೈ ಅಧಿಕಾರಿ ಕೌಲ್ಸನ್, ಅವನೇ ಮುಖ್ಯ ಪಾತ್ರ. ಪೂರ್ತಿ ಸಹಪಾತ್ರಗಳ ಸೀರಿಯಲ್ ಅದು. ಫಿಟ್ಜ್, ಸಿಮ್ಮನ್ಸ್ ಇಬ್ಬರೂ ಮೊದಲು ಲ್ಯಾಬಿನ ತಮಾಷೆ ಜೋಡಿ ಅಷ್ಟೇ. ಏಳು ಸೀಸನ್ ಮುಗಿಯುವ ಹೊತ್ತಿಗೆ ಕಥೆಯ ಭಾರವೆಲ್ಲ ಅವರ ಮೇಲಿತ್ತು. ಈಗಿನ ಆರು ಎಪಿಸೋಡಿನ ಸೀರಿಯಲ್ಲಿನಲ್ಲಿ ಅಷ್ಟು ಹೊತ್ತು ಯಾರಿಗೆ ಸಿಗುತ್ತದೆ?

ಬ್ಯಾರಿ ಓಡು:
ಆರು ಎಪಿಸೋಡಿನಲ್ಲೂ ಆಗುತ್ತದೆ ಸರ್. 2022ರ 'ಮಿಸ್ ಮಾರ್ವೆಲ್' ನೋಡಿ. ಸೂಪರ್‌ಹೀರೋ ಆಗುವ ಕಮಲಾಗಿಂತ ಅವಳ ಅಮ್ಮ ಮುನೀಬಾ ನನಗೆ ಇಷ್ಟ. ಮೊದಲ ಎಪಿಸೋಡಿನಲ್ಲಿ ಹೊರಗೆ ಹೋಗಬೇಡ ಅನ್ನುವ ಅಮ್ಮ, ಕೊನೆಗೆ ಮಗಳಿಗೆ ತಾನೇ ಡ್ರೆಸ್ ಕೊಡುತ್ತಾಳೆ. ಗುಟ್ಟು ಮುಚ್ಚಿಡುವ ಫಾರ್ಮುಲಾ ಅಲ್ಲಿ ನಡೆಯಲೇ ಇಲ್ಲ. ನಮ್ಮ ಕಡೆಯ ಮನೆಗಳಲ್ಲಿ ನಡೆಯುವುದೂ ಇಲ್ಲ. ಅಮ್ಮನಿಗೆ ಗೊತ್ತಾಗದೆ ಮೊಬೈಲ್ ರೀಚಾರ್ಜ್ ಮಾಡಿಸಲು ಆಗುವುದಿಲ್ಲ, ಇನ್ನು ಸೂಪರ್‌ಹೀರೋ ಆಗುವುದು ಎಲ್ಲಿಂದ ಬಂತು.

ನಿದ್ದೆಗೆಟ್ಟ ಹುಬ್ಬಳ್ಳಿ:
ಒಂದು ಮಾತು ಹೇಳಿ ಮಲಗುತ್ತೇನೆ. 'ದಿ ಫ್ಲ್ಯಾಶ್' ಮೂರನೇ ಸೀಸನ್ ವಿಲನ್ ಹೆಸರು ಸವಿತಾರ್. ಹಿಂದೂಗಳ ಚಲನೆಯ ದೇವರು ಅಂತ ಅಲ್ಲಿ ಹೇಳುತ್ತಾರೆ. ನಮ್ಮಜ್ಜ ದಿನಾ ಬೆಳಗ್ಗೆ ಗಾಯತ್ರಿಯಲ್ಲಿ ನೆನೆಯುತ್ತಿದ್ದ ಸೂರ್ಯನನ್ನು ತಂದು ಬೆಳ್ಳಿ ಬಣ್ಣದ ಕಬ್ಬಿಣದ ಗೂಡಿಗೆ ತುರುಕಿದ್ದಾರೆ. ಕೊನೆಗೆ ಅವನೂ ಬ್ಯಾರಿಯೇ ಅಂತೆ! ಮೂರು ವರ್ಷ ಸತತವಾಗಿ ಓಡುವ ವಿಲನ್‌ಗಳೇ. ರಿವರ್ಸ್ ಫ್ಲ್ಯಾಶ್, ಝೂಮ್, ಇವನು.

ಕುರ್ಚಿಯಲ್ಲಿ ಕೂತವನು:
ಅಲ್ಲಿ ಕೂಡ ನನಗೆ ಉಳಿದದ್ದು ಎಚ್.ಆರ್. ವೆಲ್ಸ್. ಕೆಲಸಕ್ಕೆ ಬಾರದವನು, ವಿಜ್ಞಾನಿಯೂ ಅಲ್ಲ, ಸುಳ್ಳು ಹೇಳಿ ಬಂದು ಸೇರಿಕೊಂಡವನು. ಐರಿಸ್ ವೇಷದಲ್ಲಿ ಅವಳ ಬದಲು ತಾನು ಸತ್ತ. ಇಡೀ ಸೀಸನ್ ಭವಿಷ್ಯ ಬದಲಿಸಲು ಬ್ಯಾರಿ ಓಡಿದ್ದೇ ಓಡಿದ್ದು. ಬದಲಿಸಿದವನು ಓಡಲು ಬಾರದ ಎಚ್.ಆರ್.

ಹೊಸ ಸದಸ್ಯ 2:
ಎಲ್ಲರಿಗೂ ನಮಸ್ಕಾರ. ಎಲ್ಲ ಓದಿದೆ, ಕಥೆ ಬಯಲಾದರೂ ಬೇಜಾರಿಲ್ಲ. ಈಗ 'ಆರೋ' ಎರಡನೇ ಸೀಸನ್ನಿನಲ್ಲಿ ಇದ್ದೇನೆ. ಮುಂದೆ ಈ ಸೀರಿಯಲ್‌ಗಳೆಲ್ಲ ಒಂದಕ್ಕೊಂದು ಸೇರಿಕೊಳ್ಳುತ್ತವಂತಲ್ಲ, ಯಾವುದರ ನಂತರ ಯಾವುದು ನೋಡಬೇಕು? ಯಾರಾದರೂ ಹೇಳುತ್ತೀರಾ?

ಅಮಾವಾಸ್ಯೆ ಬಾವಲಿ:
ಮುಖ್ಯವಾದವು ಹೇಳುತ್ತೇನೆ. 2016ರ ಏಲಿಯನ್ ದಾಳಿಯ ಕಥೆಗೆ ಸೂಪರ್‌ಗರ್ಲ್ ಕೊನೆಯ ಕೆಲವು ನಿಮಿಷ ಸಾಕು, ಆಮೇಲೆ ಫ್ಲ್ಯಾಶ್, ಆರೋ, ಲೆಜೆಂಡ್ಸ್ (ಇದೂ ಅದೇ ಗುಂಪಿನ ಸೀರಿಯಲ್). ಅದರಲ್ಲಿ ಬರುವ ಆರೋ ಎಪಿಸೋಡ್ ಆ ಸೀರಿಯಲ್ಲಿನ ನೂರನೆಯದು, ಸತ್ತ ಎಷ್ಟೋ ಸಹಪಾತ್ರಗಳು ಒಂದು ಕನಸಿನ ಮನೆಯಲ್ಲಿ ಸಿಗುತ್ತಾರೆ. 2017ರದಕ್ಕೆ ಸೂಪರ್‌ಗರ್ಲ್, ಆರೋ, ಫ್ಲ್ಯಾಶ್, ಲೆಜೆಂಡ್ಸ್. 2018ರದಕ್ಕೆ ಫ್ಲ್ಯಾಶ್, ಆರೋ, ಸೂಪರ್‌ಗರ್ಲ್. 2019ರ ಡಿಸೆಂಬರಿನ ದೊಡ್ಡದಕ್ಕೆ ಸೂಪರ್‌ಗರ್ಲ್, ಬ್ಯಾಟ್‌ವುಮನ್, ಫ್ಲ್ಯಾಶ್, ಆಮೇಲೆ 2020ರ ಜನವರಿಯಲ್ಲಿ ಬಂದ ಆರೋ ಮತ್ತು ಲೆಜೆಂಡ್ಸ್.

ಮಂಗಳೂರು ಮಳೆ:
ಮತ್ತೆ ಎರಡನೇ ಸೀಸನ್ ನೋಡುವಾಗ ಫೆಲಿಸಿಟಿ ಸೆಕ್ರೆಟರಿ ಆಗುವ ದೃಶ್ಯ ಬಂದರೆ ಇಲ್ಲಿ ಬಂದು ಹೇಳಿ. ನಿಮಗೂ ಸಿಟ್ಟು ಬಂತಾ ಅಂತ ನನಗೆ ತಿಳಿಯಬೇಕು.